ಶೀಟಿನ ಆ ತುದಿಯವಳು

ನಮ್ಮ ಹೋಟೆಲಿಗೆ ಇಬ್ಬರು ಮಾಲೀಕರು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು, ಲಿಫ್ಟನ್ನೂ ಒಟ್ಟಿಗೆ ಹತ್ತರು. ಆದರೂ ಅವರು ಪಾರ್ಟ್ನರುಗಳು. ಮೇಲಿನ ಹಾಲಿನಲ್ಲಿ ಡ್ಯಾನ್ಸ್ ಇದ್ದ ಸಂಜೆ, ಒಂದು ಹಾಡು ಮುಗಿಯುವವರೆಗೆ ಮಾತ್ರ ಕೈ ಹಿಡಿದು ಕುಣಿಯುವವರೂ ಪಾರ್ಟ್ನರುಗಳು. ಊಟವಾದ ಮೇಲೆ ಬಾಯ್ಲರಿನವರು ಇಸ್ಪೀಟು ಹಾಕಿ ಕೂತರೆ ಎದುರಿಗಿರುವವನು ಪಾರ್ಟ್ನರ್, ಅವನು ತಪ್ಪು ಎಲೆ ಇಳಿಸಿದನೋ ಅದೇ ಬಾಯಲ್ಲಿ ಕತ್ತೆ. ಇಷ್ಟು ಜನರ ಕೈಗೆ ಸಿಕ್ಕಿ ಕೊಳೆಯಾದ ಈ ಮಾತನ್ನು ಒಗೆದು, ಒಣಗಿಸಿ, ಮರ್ಯಾದೆಯಿಂದ ಬಳಸಿದವಳು ನನಗೆ ತಿಳಿದ ಹಾಗೆ ಒಬ್ಬಳೇ. ಅವಳು ನಮ್ಮ ಲಾಂಡ್ರಿಯ ಜೋರಕ್ಕ.

ಲಾಂಡ್ರಿ ಇದ್ದದ್ದು ಹೋಟೆಲಿನ ನೆಲಮಾಳಿಗೆಯಲ್ಲಿ. ಗೋಡೆಯ ಮೇಲ್ತುದಿಯಲ್ಲಿ ಸಣ್ಣ ಸಣ್ಣ ಕಿಟಕಿಗಳು; ಅವುಗಳಿಂದ ರಸ್ತೆಯಲ್ಲಿ ಹೋಗುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಒಂದು ಕಡೆ ಒಗೆಯುವ ಮೆಷಿನುಗಳು, ಒಂದು ಕಡೆ ಒಣಗಿಸುವ ಡ್ರಮ್ಮುಗಳು, ನಡುವೆ ಇಸ್ತ್ರಿಯ ರೋಲರ್. ರೋಲರಿನಿಂದ ಹೊರಬಂದ ಶೀಟನ್ನು ಬಿಸಿ ಆರುವ ಮೊದಲೇ ಇಬ್ಬರು ಹಿಡಿದು ಮಡಿಸಬೇಕು, ಇಲ್ಲದಿದ್ದರೆ ಸುಕ್ಕು ಕೂರುತ್ತದೆ. ನನ್ನದು ಅದರ ಪಕ್ಕದ ಮೇಜು. ದಿಂಬಿನ ಕವರು. ದಿಂಬಿನ ಕವರು ಮಡಿಸಲು ಒಬ್ಬರು ಸಾಕು, ಪಾರ್ಟ್ನರ್ ಬೇಡ. ಒಂಟಿ ಎತ್ತಿನ ಹಾಗೆ ಆ ಮೇಜಿಗೆ ಕಟ್ಟಿಹಾಕಿಸಿಕೊಂಡು, ಎದುರಿನ ಜೋಡಿಯನ್ನು ನೋಡಿ ನೋಡಿ ನನಗೂ ಹೊಟ್ಟೆ ಉರಿಯುತ್ತಿತ್ತು. ನನ್ನ ಉರಿ ಬೂದಿ ಮುಚ್ಚಿದ ಕೆಂಡ, ಜೋರಕ್ಕನದು ಹೊಗೆ, ಜ್ವಾಲೆ, ಚಟಪಟ ಸದ್ದು ಎಲ್ಲ ಇದ್ದದ್ದು. ವ್ಯತ್ಯಾಸ ಅಷ್ಟೇ.

ಜೋರಕ್ಕ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ದನಿ ಅದಕ್ಕಿಂತ ಎತ್ತರ. ಮೆಷಿನುಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದರೂ ಅವಳ ಬೈಗುಳ ಬೈಸಿಕೊಂಡವರಿಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ಅವಳ ಎದುರು ಶೀಟಿನ ಆ ತುದಿ ಹಿಡಿಯುತ್ತಿದ್ದವಳು ಪುಟ್ಟಕ್ಕ, ಅವಳ ಎದೆಮಟ್ಟಕ್ಕೆ ಬರುವ, ಮಾತನ್ನೂ ಚಿಟಿಕೆಯಷ್ಟೇ ಆಡುವ ಹೆಂಗಸು. ಇಬ್ಬರಿಗೂ ಮನೆಯವರು ಇಟ್ಟ ಹೆಸರುಗಳಿದ್ದವು, ಲಾಂಡ್ರಿಯಲ್ಲಿ ಅವು ಯಾರಿಗೂ ಬೇಕಾಗಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ‘ಪಾರ್ಟ್ನರ್’ ಎಂದು.

ಶೀಟು ಮಡಿಸುವುದರಲ್ಲಿ ಒಂದು ತೊಡಕಿದೆ, ಮಾಡಿದವರಿಗೇ ಗೊತ್ತು. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬಳು ಬಲಗೈಯನ್ನು ಎಡಗೈಗೆ ತಂದರೆ, ಇನ್ನೊಬ್ಬಳು ಎಡಗೈಯನ್ನು ಬಲಗೈಗೆ ತರಬೇಕು. ಇಬ್ಬರೂ ಬಲಗೈಯನ್ನೇ ತಂದರೆ ಶೀಟು ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಬಲಗೈಯವರಿಬ್ಬರು ಜೋಡಿಯಾದರೆ ಅವರಲ್ಲೊಬ್ಬಳು ತನ್ನ ಕೈಯೊಂದಿಗೆ ದಿನವಿಡೀ ಜಗಳವಾಡುತ್ತಿರಬೇಕು. ಜೋರಕ್ಕ ಹುಟ್ಟಾ ಎಡಗೈಯವಳು. ಎಡಗೈಯಲ್ಲಿ ಚಮಚ ಹಿಡಿದದ್ದಕ್ಕೆ, ಎಡಗೈಯಲ್ಲಿ ಬರೆದದ್ದಕ್ಕೆ ಮನೆಯಲ್ಲೂ ಶಾಲೆಯಲ್ಲೂ ಪೆಟ್ಟು ತಿಂದೇ ಬೆಳೆದವಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟಿಗೇ ಒಂದು ದಾರಿ ಎಂದು ಅವಳ ಸ್ವಂತ ಅಜ್ಜಿಯೇ ಹಂಗಿಸುತ್ತಿದ್ದಳಂತೆ. ಆ ಎಡಗೈಗೆ ಬೆಲೆ ಬಂದದ್ದು ಪುಟ್ಟಕ್ಕನ ಬಲಗೈ ಎದುರಿಗೆ ಬಂದ ದಿನ. ಶೀಟನ್ನು ಒಮ್ಮೆ ಝಾಡಿಸಿದರೆ ಪಟ್ ಎಂದು ಒಂದೇ ಸದ್ದು. ಜೋರಕ್ಕನ ಎಡಗೈ, ಪುಟ್ಟಕ್ಕನ ಬಲಗೈ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಆಮೇಲೆ ಇಬ್ಬರೂ ಹತ್ತಿರ ಬಂದು ತುದಿ ಕೊಟ್ಟು ತುದಿ ಪಡೆಯುವುದು. ಬಾಯಲ್ಲಿ ಊರ ಸುದ್ದಿ ನಡೆಯುತ್ತಿದ್ದರೂ ಕೈ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಒಂದು ದಿನ ನಾನು ಕೆಣಕಿದೆ. “ಅದೇನಕ್ಕಾ, ಮೂರು ಹೊತ್ತೂ ಪಾರ್ಟ್ನರ್ ಪಾರ್ಟ್ನರ್? ಗೆಳತಿ ಅನ್ನು. ಸಂಗಾತಿ ಅನ್ನು. ನಮ್ಮ ಭಾಷೇಲಿ ಮಾತಿಗೇನು ಬರಗಾಲವಾ?”

“ಗೆಳತಿ ಅಂದ್ರೆ ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗೋರು,” ಅಂದಳು ಜೋರಕ್ಕ. “ಸಂಗಾತಿ ಅಂದ್ರೆ ನಮ್ಮನೇಲಿ ಗೊರಕೆ ಹೊಡೀತಾನಲ್ಲ, ಅವನು. ಜೊತೆಗಾತಿ ಅಂತ ಬಾಯಿಬಿಟ್ಟು ಯಾರಾದ್ರೂ ಕರೀತಾರಾ? ಇವಳು ಶೀಟಿನ ಆ ತುದಿ ಹಿಡಿಯೋಳು. ಅದಕ್ಕೆ ಬೇರೆ ಮಾತಿದ್ರೆ ನೀನೇ ಹೇಳು.”

ಪುಟ್ಟಕ್ಕ ಮುಸಿಮುಸಿ ನಕ್ಕಳು. ಆ ನಗು ನೋಡಿ, ನನ್ನನ್ನೂ ಯಾರಾದರೂ ಹೀಗೆ ಕರೆಯಬಾರದೇ ಅನ್ನಿಸಿ, ಆ ಸಿಟ್ಟನ್ನು ಒಂದು ದಿಂಬಿನ ಕವರಿನ ಮೇಲೆ ತೀರಿಸಿಕೊಂಡೆ.

ಜೋರಕ್ಕನ ಗಂಡನಿಗೂ ಒಬ್ಬ ಪಾರ್ಟ್ನರ್ ಇದ್ದ. ಇಬ್ಬರೂ ಸೇರಿ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿದ್ದರು. ಮನೆಗೆ ಬಂದರೆ ಗಂಡನ ಬಾಯಲ್ಲಿ ‘ಪಾರ್ಟ್ನರ್ ಹೀಗಂದ, ಪಾರ್ಟ್ನರ್ ಹಾಗಂದ’, ಇವಳ ಬಾಯಲ್ಲೂ ಅದೇ. ಒಂದೇ ತಟ್ಟೆಯ ಮುಂದೆ ಕೂತು ಇಬ್ಬರೂ ತಂತಮ್ಮ ಪಾರ್ಟ್ನರುಗಳ ಬಗ್ಗೆ ಮಾತಾಡಿ, ಒಬ್ಬರದನ್ನು ಒಬ್ಬರು ಕೇಳಿಸಿಕೊಳ್ಳದೆ ಮಲಗುತ್ತಿದ್ದರು. ಸಂಸಾರ ಚೆನ್ನಾಗಿಯೇ ಇತ್ತು. ಒಂದು ಭಾನುವಾರ ಮಗಳು ಒಬ್ಬ ಹುಡುಗನನ್ನು ಕರೆತಂದು, “ಅಮ್ಮಾ, ಇವನು ನನ್ನ ಪಾರ್ಟ್ನರ್” ಅಂದಳು.

“ಹೌದಾ? ಏನು ಅಂಗಡಿ ಹಾಕಿದೀರಿ?” ಅಂದಳು ಜೋರಕ್ಕ.

“ಅಂಗಡಿ ಅಲ್ಲಮ್ಮಾ. ಒಟ್ಟಿಗೆ ಇದೀವಿ.”

ಗಂಡ ಎದ್ದು ಸೈಕಲ್ ಒರೆಸಲು ಹೊರಗೆ ಹೋದ. ಜೋರಕ್ಕ ಹುಡುಗನನ್ನು ಕೆಳಗಿನಿಂದ ಮೇಲಿನವರೆಗೆ ಅಳೆದು, ಒಳಗಿಂದ ಒಂದು ಶೀಟು ತಂದು, “ಹಿಡಿ ಆ ತುದಿ” ಅಂದಳಂತೆ. ಹುಡುಗ ಹಿಡಿದ. ಮಗಳೂ ಬಲಗೈ ತಂದಳು, ಅವನೂ ಬಲಗೈ ತಂದ. ಶೀಟು ಹೊಸೆದುಕೊಂಡಿತು. ಹುಡುಗ ನಾಚಿಕೊಂಡು ಕೂಡಲೇ ಕೈ ಬದಲಾಯಿಸಿದ. “ಪರವಾಗಿಲ್ಲ, ಇವನು ಉಳೀತಾನೆ” ಎಂದು ಜೋರಕ್ಕ ಟೀಗೆ ನೀರಿಟ್ಟಳು. ಮರುದಿನ ಇದನ್ನು ಪುಟ್ಟಕ್ಕನಿಗೆ ಹೇಳುತ್ತಾ ಇಬ್ಬರೂ ನಕ್ಕಿದ್ದಕ್ಕೆ ಶೀಟು ನೆಲ ಮುಟ್ಟಿ ಮತ್ತೆ ಒಗೆಯಲು ಹೋಯಿತು.

ಗಂಡನ ವಿಷಯದಲ್ಲಿ ಜೋರಕ್ಕನಿಗೆ ಹೊಟ್ಟೆಕಿಚ್ಚು ಎಂಬುದೇ ಇರಲಿಲ್ಲ. ಎದುರು ಮನೆಯವಳು ಅವನೊಂದಿಗೆ ನಕ್ಕು ಮಾತಾಡಿದರೆ, “ಬೇಕಾದ್ರೆ ಇಟ್ಕೊಳ್ಲಿ, ಗೊರಕೆ ಸಮೇತ” ಅನ್ನುತ್ತಿದ್ದಳು. ಪುಟ್ಟಕ್ಕ ಮಾತ್ರ ಟೀ ಹೊತ್ತಿಗೆ ಬೇರೆ ಯಾರ ಪಕ್ಕ ಕೂತರೂ ಮಧ್ಯಾಹ್ನವೆಲ್ಲ ಇವಳ ಮೂತಿ ಊದಿರುತ್ತಿತ್ತು. ಒಮ್ಮೆ ಪುಟ್ಟಕ್ಕ ತನ್ನ ಅಕ್ಕನಿಗೆ ಹುಷಾರಿಲ್ಲವೆಂದು ರಜೆ ಹಾಕಿದಾಗ ಬದಲಿಗೆ ಒಬ್ಬಳು ಬಂದಳು. ಜೋರಕ್ಕ ಅವಳ ಎದುರು ನಿಂತು, “ಅವಳು ಹೀಗೆ ಹಿಡೀತಿರಲಿಲ್ಲ, ಅವಳು ಹೀಗೆ ಎಳೀತಿರಲಿಲ್ಲ” ಎಂದು ಜಪ ಶುರುಮಾಡಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಹೆಂಗಸು ಏಪ್ರನ್ನನ್ನೂ ಬಿಚ್ಚದೆ ಅಳುತ್ತಾ ಮೆಟ್ಟಿಲು ಹತ್ತಿ ಹೋದವಳು ಮತ್ತೆ ಬರಲಿಲ್ಲ.

ಹೀಗಿರುವಾಗ ಜೋರಕ್ಕನ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಪಟ್ಟಿ ಕಟ್ಟಿ, ಕೆಲವು ವಾರ ಮನೆಯಲ್ಲಿ ಕೂರಬೇಕು ಅಂದರು. ಅವಳಿಲ್ಲದ ಲಾಂಡ್ರಿಯಲ್ಲಿ ಮೆಷಿನುಗಳ ಸದ್ದು ಮೊದಲ ಸಲ ನನಗೆ ಕೇಳಿಸಿತು. ಪುಟ್ಟಕ್ಕ ತನ್ನ ಬೀದಿಯಲ್ಲಿದ್ದ ಒಬ್ಬಳನ್ನು ಸೂಪರ್ವೈಸರಿಗೆ ಹೇಳಿ ಕೆಲಸಕ್ಕೆ ಕರೆತಂದಳು. ನಾವು ಅವಳನ್ನು ಹೊಸಬಳು ಅಂದೆವು. ಗಂಡನನ್ನು ಬಿಟ್ಟು ಬಂದವಳು, ತಗ್ಗಿದ ದನಿ, ಒಳ್ಳೆಯ ಎತ್ತರ. ಪುಟ್ಟಕ್ಕ ಅವಳ ಎದುರು ನಿಂತು ಬೆಳಗಿನಿಂದ ಸಂಜೆಯವರೆಗೆ ಒಂದೇ ತಾಳ್ಮೆಯಲ್ಲಿ ಹೇಳಿಕೊಡುತ್ತಿದ್ದಳು.

ಪಟ್ಟಿ ಬಿಚ್ಚಿಸಿಕೊಂಡು ಜೋರಕ್ಕ ಬಂದ ಬೆಳಿಗ್ಗೆ ನೆನಪಿದೆ. ಸೀದಾ ರೋಲರಿನ ಹತ್ತಿರ ಹೋಗಿ ತೋಳು ಮಡಚಿ ನಿಂತಳು. ಅವಳ ಜಾಗದಲ್ಲಿ ಪುಟ್ಟಕ್ಕ, ಪುಟ್ಟಕ್ಕನ ಜಾಗದಲ್ಲಿ ಹೊಸಬಳು. ಸೂಪರ್ವೈಸರ್ ಬಂದರು.

“ನೀವು ಸ್ವಲ್ಪ ದಿನ ದಿಂಬಿನ ಕವರು ನೋಡ್ಕೊಳ್ಳಿ. ಕೈಗೆ ಭಾರ ಬೇಡ.”

“ಕೈ ಸರಿಯಾಗಿದೆ ಅಂದಿದಾರೆ ಡಾಕ್ಟ್ರು.”

“ನಾನು ಹೇಳಿದ್ದಲ್ಲಮ್ಮ. ಪುಟ್ಟಕ್ಕಾನೇ ಕೇಳ್ಕೊಂಡ್ರು, ಇನ್ನೊಂದಿಷ್ಟು ದಿನ ಹೊಸಬಳ ಜೊತೆಗೇ ಇರ್ತೀನಿ ಅಂತ.”

ಪುಟ್ಟಕ್ಕ ಶೀಟಿನಿಂದ ಕಣ್ಣೆತ್ತಲಿಲ್ಲ. ಜೋರಕ್ಕ ನನ್ನ ಮೇಜಿಗೆ ಬಂದಳು. ನನಗೆ ನಾಚಿಕೆಗೇಡು ಸಂತೋಷ. ಇನ್ನಾದರೂ ನನಗೊಬ್ಬಳು ಜೊತೆ ಸಿಕ್ಕಳು ಅಂದುಕೊಂಡೆ, ಕೂರಲು ಸ್ಟೂಲು ಒರೆಸಿಕೊಟ್ಟೆ. ಅವಳು ನನಗೆ ಬೆನ್ನು ಹಾಕಿ, ಆ ಜೋಡಿಯ ಕಡೆ ಮುಖ ಮಾಡಿ ಕೂತಳು. ಇಡೀ ದಿನ ನನ್ನ ಕಡೆ ತಿರುಗಿದ್ದರೆ ಕೇಳಿ.

“ನೋಡು ಎತ್ತರಾನ,” ಅಂದಳು ಸಂಜೆಗೆ. “ಹುಡುಕಿ ಹುಡುಕಿ ನನ್ನಷ್ಟೇ ಉದ್ದದೋಳನ್ನ ತಂದಿದಾಳೆ. ನಾನು ಸತ್ತೋದೆ ಅಂತಾನಾ?”

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಹೊಸಬಳು ನಕ್ಕರೆ ಹಲ್ಲು ಕಿರಿದಳು, ನಗದಿದ್ದರೆ ಸೊಕ್ಕು. ಪುಟ್ಟಕ್ಕ ಅವಳ ಜೊತೆ ಊಟದ ಡಬ್ಬಿ ಬಿಚ್ಚಿದರೆ, “ನನ್ನ ಡಬ್ಬೀಲಿ ವಿಷ ಇತ್ತೇನೋ.” ಮೂರನೇ ದಿನವೋ ನಾಲ್ಕನೇ ದಿನವೋ ಜೋರಕ್ಕ ಕೈಯಲ್ಲಿದ್ದ ಕವರು ಬಿಟ್ಟು ನನ್ನ ಮೊಣಕೈ ಹಿಂಡಿದಳು.

“ನೋಡೇ, ನೋಡು. ಎಡಗೈ!”

ನೋಡಿದೆ. ನಿಜ. ಬಲಗೈಯವಳಾದ ಪುಟ್ಟಕ್ಕ ಎಡಗೈಯನ್ನು ಬಲಗೈಗೆ ತರುತ್ತಿದ್ದಳು, ಥೇಟ್ ಜೋರಕ್ಕನ ಹಾಗೆ. ಹೊಸಬಳು ಆರಾಮಾಗಿ ಬಲಗೈ ಆಡಿಸುತ್ತಿದ್ದಳು.

“ಇಷ್ಟು ವರ್ಷ ನನ್ನೆದುರು ಬಲಗೈ ಬಿಟ್ಟು ಬೇರೆ ಆಡಿಸ್ಲಿಲ್ಲ. ಈ ಮಹಾರಾಣಿಗೋಸ್ಕರ ಕೈಯನ್ನೇ ಬದಲಾಯಿಸ್ಕೊಂಡ್ಲು!”

“ಇಬ್ರೂ ಬಲಗೈಯವರು ಅಕ್ಕಾ. ಯಾರಾದ್ರೂ ಒಬ್ರು ಬದಲಾಯಿಸ್ಕೊಳ್ಳೇಬೇಕಲ್ಲ.”

“ಹೊಸಬಳು ಬದಲಾಯಿಸ್ಕೊಳ್ಲಿ! ಹಳಬಳು ಯಾಕೆ ತಗ್ಗಬೇಕು?”

ನಮ್ಮ ಕೆಲಸದಲ್ಲಿ ಯಾವತ್ತೂ ಹೊಸಬರೇ ಹಳಬರ ಕೈಗೆ ಹೊಂದಿಕೊಳ್ಳುವುದು. ಇಲ್ಲಿ ತಿರುಗುಮುರುಗಾಗಿತ್ತು. ಜೋರಕ್ಕನ ಹೊಟ್ಟೆಕಿಚ್ಚಿಗೆ ಕಾರಣ ಉಂಟು ಎಂದು ನನಗೂ ಅನ್ನಿಸಿಬಿಟ್ಟಿತು.

ಮರುದಿನ ಟೀ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಜೋರಕ್ಕ ಪುಟ್ಟಕ್ಕನಿಗೆ ಅಡ್ಡ ನಿಂತಳು. ಪುಟ್ಟಕ್ಕ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು.

“ಈಗ ಟೀ ಕುಡಿಯೋದೂ ಎಡಗೈಲೇನಾ? ಪರವಾಗಿಲ್ಲ, ಚೆನ್ನಾಗಿ ಅಭ್ಯಾಸ ಆಗಿದೆ.”

“ಸ್ವಲ್ಪ ದಿನ ತಡ್ಕೋ, ಪಾರ್ಟ್ನರ್.”

“ನನ್ನ ಕೈಯಲ್ಲಿ ಏನು ಕೊರತೆ ಕಂಡೆ, ಅದನ್ನ ಹೇಳು.”

“ಕೊರತೆ ಏನೂ ಇಲ್ಲ ಮಾರಾಯ್ತಿ. ತಡ್ಕೋ ಅಂದೆನಲ್ಲ.”

“ನನ್ನನ್ನ ಪಾರ್ಟ್ನರ್ ಅನ್ಬೇಡ. ಆ ಮಾತು ಬೇರೆಯೋರಿಗೆ ಕೊಟ್ಟಾಯ್ತಲ್ಲ.”

ಪುಟ್ಟಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊಸಬಳು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಳು. ಜೋರಕ್ಕ ಮೆಟ್ಟಿಲು ನಡುಗುವ ಹಾಗೆ ಇಳಿದು ಹೋದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತು ನಿಂತ ಮೇಲೆ ಹೊಟ್ಟೆಕಿಚ್ಚಿಗೆ ಬೇರೆ ದಾರಿ ಬೇಕಲ್ಲ, ಅದು ಕೈಗೆ ಇಳಿಯಿತು. ಮೇಲೆ ಯಾವುದೋ ದೊಡ್ಡ ಸಮ್ಮೇಳನ. ಕೋಣೆಗಳೆಲ್ಲ ಭರ್ತಿ. ಬೆಳಗಿನಿಂದ ಆ ಜೋಡಿ ಮಡಿಸಿದ ಶೀಟುಗಳು ಕಪಾಟಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಊಟಕ್ಕೆ ನಾವೆಲ್ಲ ಏಳುವಾಗ ಜೋರಕ್ಕ ಹಸಿವಿಲ್ಲ ಅಂದಳು. ಜೋರಕ್ಕನಿಗೆ ಹಸಿವಿಲ್ಲ ಅನ್ನುವುದನ್ನು ನಾನು ನಂಬಬಾರದಿತ್ತು. ಆದರೆ ಸಿಟ್ಟಿನಲ್ಲಿ ಊಟ ಬಿಡುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ನಾವು ಹೋದೆವು.

ನಾವು ಊಟ ಮುಗಿಸಿ ಇಳಿದಾಗ ಸೂಪರ್ವೈಸರ್ ಕಪಾಟಿನ ಮುಂದೆ ನಿಂತು ಕೂಗಾಡುತ್ತಿದ್ದರು. ನಮ್ಮಲ್ಲಿ ನಿಯಮ ಏನೆಂದರೆ, ಶೀಟಿನ ಹೊಲಿಗೆಯ ಅಂಚು ಒಳಗೆ ಮುಚ್ಚಿಕೊಂಡಿರಬೇಕು, ಹೊರಗೆ ಒಂದೇ ಮಡಿಕೆ ಕಾಣಬೇಕು. ಇಲ್ಲಿ ಮೇಲಿನ ಹಲಗೆಯ ಶೀಟುಗಳಲ್ಲೆಲ್ಲ ಅಂಚು ನಾಲಿಗೆಯ ಹಾಗೆ ಹೊರಗೆ ಚಾಚಿತ್ತು.

“ಯಾರು ಮಡಿಸಿದ್ದು ಇದನ್ನ? ನೀನೇ ತಾನೇ?” ಎಂದು ಅವರು ಹೊಸಬಳ ಮೇಲೆ ಬಿದ್ದರು. “ಕಲಿಯೋಕೆ ಇಷ್ಟು ದಿನ ಕೊಟ್ಟಿದ್ದು ಇದಕ್ಕಾ? ನಾಳೆಯಿಂದ ಬರ್ಬೇಡ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸಬಳ ಮುಖ ಬಿಳಿಚಿತು. ನನ್ನ ಪಕ್ಕದಲ್ಲಿ ಜೋರಕ್ಕ ಅತ್ಯಂತ ಶ್ರದ್ಧೆಯಿಂದ ಒಂದು ದಿಂಬಿನ ಕವರು ಮಡಿಸುತ್ತಿದ್ದಳು.

ಪುಟ್ಟಕ್ಕ ಕಪಾಟಿನ ಹತ್ತಿರ ಹೋದಳು. ಒಂದು ಶೀಟು ಎಳೆದು ಹೊರಚಾಚಿದ ಅಂಚಿನ ಮೇಲೆ ಬೆರಳಿಟ್ಟಳು. ಇನ್ನೊಂದು ಎಳೆದಳು, ಮತ್ತೊಂದು ಎಳೆದಳು. ನನಗೂ ಅಲ್ಲಿಂದ ಕಾಣುತ್ತಿತ್ತು. ಪ್ರತಿಯೊಂದರಲ್ಲೂ ಅಂಚು ಹೊರಬಂದದ್ದು ಸರಿಯಾಗಿ ಎರಡು ಬೆರಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಗಮನವಿಲ್ಲದೆ ಮಡಿಸಿದವರ ತಪ್ಪು ಒಂದರ ಹಾಗೆ ಒಂದು ಇರುವುದಿಲ್ಲ. ಅಳತೆಯಿಟ್ಟು ತಪ್ಪು ಮಾಡುವ ಕೈ ಆ ನೆಲಮಾಳಿಗೆಯಲ್ಲಿ ಒಂದೇ ಇತ್ತು. ಪುಟ್ಟಕ್ಕ ನಮ್ಮ ಮೇಜಿನ ಕಡೆ ನೋಡಿದಳು. ನನ್ನನ್ನಲ್ಲ.

“ಇವು ನಾನು ಮಡಿಸಿದ್ದು ಸಾರ್,” ಅಂದಳು. “ಅವಳದ್ದಲ್ಲ.”

“ನೀವು? ಜೋಡಿಯಲ್ಲಿ ಮಡಿಸೋದನ್ನ ನೀವೊಬ್ರೇ ಹೇಗೆ...”

“ನಾನೇ ಸಾರ್. ಅವಳು ನಾನು ಹೇಳಿದ ಹಾಗೆ ಹಿಡಿದಿದ್ಲು ಅಷ್ಟೇ.”

ಎಲ್ಲರೆದುರು ಕೂಗಾಡಿದ ಮೇಲೆ ಸೂಪರ್ವೈಸರಿಗೂ ಹಿಂದೆ ಸರಿಯುವುದು ಕಷ್ಟ. ಹಾಗಾದರೆ ನಾಳೆಯಿಂದ ಕೊಳೆ ಬಟ್ಟೆ ಬೇರೆ ಮಾಡುವ ಕಡೆಗೆ ಹೋಗಿ ಅಂದರು. ಪುಟ್ಟಕ್ಕ ಏಪ್ರನ್ ಬಿಚ್ಚಿ, ಮಡಿಸಿ, ರೋಲರಿನ ಪಕ್ಕ ಇಟ್ಟಳು. “ನಾಳೆಯಿಂದ ಬರಲ್ಲ ಸಾರ್,” ಎಂದು ಮೆಟ್ಟಿಲು ಹತ್ತಿದಳು. ಇಷ್ಟು ವರ್ಷದ ಕೆಲಸ ಅಷ್ಟು ಸಣ್ಣ ದನಿಯಲ್ಲಿ ಮುಗಿಯಿತು.

“ನೋಡಿದ್ಯಾ?” ಜೋರಕ್ಕ ನನ್ನ ಕಿವಿಯಲ್ಲಿ ಬುಸುಗುಟ್ಟಿದಳು. “ಅವಳಿಗೋಸ್ಕರ ಕೆಲಸಾನೇ ಬಿಟ್ಟು ಹೋದ್ಲು! ನನಗೋಸ್ಕರ ಒಂದು ದಿನ ರಜೆ ಬಿಟ್ಟಿದಾಳಾ?”

ನನಗೆ ತಲೆ ಕೆಟ್ಟುಹೋಯಿತು. “ಎರಡು ಬೆರಳು,” ಅಂದೆ.

“ಏನು?”

“ಎಲ್ಲಾ ಶೀಟಲ್ಲೂ ಸರಿಯಾಗಿ ಎರಡು ಬೆರಳು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದಾದ್ರೂ ಬೇಕು ಅಕ್ಕಾ. ನೀನು ಅದನ್ನೂ ಮಾಡ್ಲಿಲ್ಲ. ನಿನ್ನ ಕೈ ಅವಳಿಗೆ ಗೊತ್ತಿಲ್ವಾ?”

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಸ್ವಲ್ಪ ಹೊತ್ತಿಗೆ ಎಲ್ಲ ಹೇಳಿದಳು. ಶೀಟಿನ ನಡುವನ್ನು ಗಲ್ಲದ ಕೆಳಗೆ ಅದುಮಿ ಹಿಡಿದು, ಒಬ್ಬಳೇ ಒಂದೊಂದನ್ನೂ ಬಿಚ್ಚಿ ಮಡಿಸಿದಳಂತೆ. ಸೊಟ್ಟಪಟ್ಟ ಮಡಿಸೋಣವೆಂದರೆ ಕೈ ಕೇಳಲಿಲ್ಲವಂತೆ. ಆದರೂ ಕೊನೆಗೆ ಅವಳು ಕೇಳಿದ್ದು, “ಹಾಗಾದ್ರೆ ಅವಳು ಉಳಿಸಿದ್ದು ನನ್ನನ್ನೋ, ಹೊಸಬಳನ್ನೋ?” ಎಂದು. ಹೊಟ್ಟೆಕಿಚ್ಚು ತಪ್ಪೊಪ್ಪಿಕೊಂಡ ಮೇಲೂ ಚೌಕಾಸಿ ಬಿಡುವುದಿಲ್ಲ.

ಮರುದಿನ ಸೂಪರ್ವೈಸರ್ ಜೋರಕ್ಕನನ್ನು ರೋಲರಿಗೆ ಕಳಿಸಿದರು. ಎದುರಿಗೆ ಹೊಸಬಳು. ಇಡೀ ಲಾಂಡ್ರಿ ಕೆಲಸ ನಿಲ್ಲಿಸದೆ ಅತ್ತ ಕಣ್ಣಿಟ್ಟಿತ್ತು. ಮೊದಲ ಶೀಟು ಬಂತು. ಜೋರಕ್ಕ ಬೇಕೆಂದೇ ಜೋರಾಗಿ ಝಾಡಿಸಿದಳು. ಪಟ್ ಎಂದು ಒಂದೇ ಸದ್ದು. ಜೋರಕ್ಕನ ಎಡಗೈ ಎದ್ದಿತು, ಹೊಸಬಳ ಬಲಗೈ ಅದೇ ಹೊತ್ತಿಗೆ ಎದ್ದಿತು. ಹತ್ತಿರ ಬಂದು ತುದಿ ಕೊಟ್ಟು, ಹೆಬ್ಬೆರಳಿನಿಂದ ಅಂಚನ್ನು ಒಳಗೆ ತಳ್ಳಿ, ಒಂದು ಹೆಜ್ಜೆ ಹಿಂದೆ. ಎಲ್ಲಿಯೂ ತಡವರಿಕೆಯಿಲ್ಲ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಜೋರಕ್ಕ ನಿಂತಳು.

“ಯಾರು ಹೇಳ್ಕೊಟ್ಟಿದ್ದು ನಿನಗೆ ಹೀಗೆ?”

“ಪುಟ್ಟಕ್ಕ. ಅವರು ನಿಮ್ಮ ಥರ ನಿಲ್ತಾ ಇದ್ರು, ನಾನು ಅವರ ಥರ. ‘ನಾನು ಅವಳು ಅಂದ್ಕೋ, ಅವಳ ಎಡಗೈ ನೋಡ್ಕೋ’ ಅಂತಿದ್ರು. ನೀವು ಎಲ್ಲಿ ಜೋರಾಗಿ ಎಳೀತೀರಿ, ಎಲ್ಲಿ ಬೈತೀರಿ, ಬೈದಾಗ ಯಾಕೆ ಅಳಬಾರದು, ಎಲ್ಲಾ ಹೇಳಿದಾರೆ.”

“ಯಾಕೆ?”

ಹೊಸಬಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. “ಅವರ ಬಲಭುಜ ಹಿಡಿದುಹೋಗಿದೆ ಅಕ್ಕಾ. ಕೈ ಮೇಲೆತ್ತೋ ಕೆಲಸ ಇನ್ನು ಬೇಡವೇ ಬೇಡ ಅಂದಿದಾರೆ ಡಾಕ್ಟ್ರು. ಗಿಡ್ಡ ಇರೋರು ಎತ್ತರದೋರ ಸಮಕ್ಕೆ ಇಷ್ಟು ವರ್ಷ ಎತ್ತಿದ್ದಕ್ಕೆ ಹೀಗಾಯ್ತಂತೆ. ಅದಕ್ಕೇ ಎತ್ತರದೋಳೇ ಬೇಕು ಅಂತ ನನ್ನನ್ನ ಕರ್ಕೊಂಡು ಬಂದ್ರು. ಈ ವಾರ ನಿಮಗೆ ಹೇಳಿ ಅಕ್ಕನ ಊರಿಗೆ ಹೋಗೋರಿದ್ರು.”

“ನಿನಗೆ ಮೊದಲೇ ಗೊತ್ತಿತ್ತು.”

“ಹೂಂ.”

“ನನಗೆ ಯಾಕೆ ಹೇಳ್ಲಿಲ್ಲ?”

“ಗೊತ್ತಾದ್ರೆ ಹೊಸಬರು ಯಾರನ್ನೂ ನೀವು ಮಧ್ಯಾಹ್ನದವರೆಗೂ ನಿಲ್ಲೋಕೆ ಬಿಡಲ್ಲ ಅಂದ್ರು. ಆಮೇಲೆ... ನಿಮ್ಮ ಎತ್ತರದಿಂದ ಆಯ್ತು ಅಂತ ನೀವು ತಿಳ್ಕೋಬಾರದಂತೆ.”

ಜೋರಕ್ಕ ಅಳುವವಳಲ್ಲ. ಅವಳ ಮುಖದಲ್ಲಿ ದುಃಖವಿತ್ತು, ನಾಚಿಕೆಯಿತ್ತು, ಅವೆರಡರ ನಡುವೆ ಹೊಟ್ಟೆಕಿಚ್ಚೂ ಗಟ್ಟಿಯಾಗಿ ಕೂತಿತ್ತು. ಪುಟ್ಟಕ್ಕನ ನೋವು ತನಗಿಂತ ಮೊದಲು ಇವಳಿಗೆ ಗೊತ್ತಾಯಿತಲ್ಲ ಎಂಬುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು.

ಸಂಜೆ ಕೆಲಸ ಮುಗಿದ ಕೂಡಲೇ ಸೂಪರ್ವೈಸರನ್ನು ಹಿಡಿದು ನಿಲ್ಲಿಸಿ ಆ ಶೀಟುಗಳನ್ನು ಕೆಡಿಸಿದವಳು ತಾನು ಎಂದು ಹೇಳಿದಳು. ಅವರು ಬೈದರು, ಇವಳು ಬೈಸಿಕೊಂಡಳು. ನಾವದನ್ನು ಕಣ್ಣಾರೆ ನೋಡಿದ್ದರಿಂದ ನಂಬುತ್ತೇವೆ. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಬಾ, ಒಬ್ಳೇ ಹೋಗೋಕೆ ಕಾಲು ಬರಲ್ಲ” ಅಂದಳು.

ಪುಟ್ಟಕ್ಕ ಇದ್ದದ್ದು ಒಂದು ಹಳೆಯ ಕಟ್ಟಡದ ಮೇಲಿನ ಕೋಣೆಯಲ್ಲಿ. ಬಾಗಿಲು ತೆರೆದಿತ್ತು, ಒಳಗೆ ಅರ್ಧ ಕಟ್ಟಿದ ಚೀಲಗಳು. ಮಾತಿನ ಸದ್ದು ತಾರಸಿಯಿಂದ ಬಂತು. ದಾರಿಯುದ್ದಕ್ಕೂ ಜೋರಕ್ಕ ಏನು ಹೇಳಬೇಕು, ಹೇಗೆ ಕ್ಷಮೆ ಕೇಳಬೇಕು ಎಂದು ನನ್ನ ಮುಂದೆ ಅಭ್ಯಾಸ ಮಾಡುತ್ತಲೇ ಬಂದಿದ್ದಳು. ತಾರಸಿ ಹತ್ತಿದರೆ, ಪುಟ್ಟಕ್ಕ ಮತ್ತು ಅವಳನ್ನು ಕರೆದೊಯ್ಯಲು ಬಂದ ಅಕ್ಕ ತಂತಿಯಿಂದ ತೆಗೆದ ಶೀಟೊಂದನ್ನು ಎದುರುಬದುರು ಹಿಡಿದು ನಿಂತಿದ್ದರು. ಅಕ್ಕನೂ ಬಲಗೈಯನ್ನೇ ತಂದಳು. ಶೀಟು ಹೊಸೆದುಕೊಂಡಿತು.

ಕ್ಷಮೆ ಕೇಳಲು ಹೋದವಳ ಬಾಯಿಂದ ಬಂದ ಮೊದಲ ಮಾತು, “ಬಿಡಿ ಅಕ್ಕಾ, ಅದು ನಿಮಗೆ ಬರಲ್ಲ.” ಅನ್ನುತ್ತಲೇ ಜೋರಕ್ಕ ಆ ಅಕ್ಕನ ಕೈಯಿಂದ ತುದಿಗಳನ್ನು ಕಿತ್ತುಕೊಂಡಳು. ಒಡಹುಟ್ಟಿದವಳ ಮೇಲೂ ಹೊಟ್ಟೆಕಿಚ್ಚು! ಅಕ್ಕ ಗಾಬರಿಯಾಗಿ ನನ್ನ ಮುಖ ನೋಡಿದಳು. ಬನ್ನಿ, ಕೂತ್ಕೊಳ್ಳಿ ಎಂದು ಅವಳನ್ನು ಗೋಡೆಯ ಹತ್ತಿರ ಕರೆದುಕೊಂಡೆ.

ಪುಟ್ಟಕ್ಕನ ಬಲಗೈ ಸೊಂಟದಿಂದ ಮೇಲೆ ಏಳುತ್ತಿರಲಿಲ್ಲ. ಜೋರಕ್ಕ ಮಂಡಿಯೂರಿ ಕೂತು ತನ್ನ ಕೈಗಳನ್ನು ಅವಳ ಕೈಗಳ ಸಮಕ್ಕೆ ಇಳಿಸಿದಳು.

“ಆ ಶೀಟುಗಳು ನಾನೇ...” ಅಂದಳು.

“ಗೊತ್ತು. ಮೆಲ್ಲಗೆ ಎಳಿ.”

ಮಡಿಸಿದರು. ಪುಟ್ಟಕ್ಕನೇ ಮತ್ತೆ ಕೇಳಿದಳು. “ಅವಳ ಜೊತೆ ಹೇಗೆ ಬಂತು ಇವತ್ತು?”

“ಚೆನ್ನಾಗೇ ಬಂತು.”

“ಬೈದ್ಯಾ?”

“ಇವತ್ತು ಇಲ್ಲ. ನಾಳೆಯಿಂದ ಬೈತೀನಿ.”

“ಯಾಕೆ? ಏನು ತಪ್ಪು ಮಾಡಿದ್ಲು?”

“ಒಂದೂ ಮಾಡ್ಲಿಲ್ಲ. ಕಣ್ಣು ಮುಚ್ಕೊಂಡ್ರೆ ಥೇಟ್ ನಿನ್ನ ಕೈ. ಅದಕ್ಕೇ ಬೈತೀನಿ.”

ಪುಟ್ಟಕ್ಕ ನಗಲಿಲ್ಲ. ಮಡಿಸಿ ಮುಗಿದ ಶೀಟನ್ನು ಅವಳ ಕೈಗಿಟ್ಟು, ತಂತಿಯ ಕಡೆ ನೋಡಿದಳು. ತಂತಿ ಖಾಲಿಯಿತ್ತು. ಕೆಳಗೆ ಕಟ್ಟಬೇಕಾದ ಚೀಲಗಳು ಇನ್ನೂ ಇದ್ದವು. ಅಕ್ಕ ಎದ್ದು ನಿಂತಳು. ಜೋರಕ್ಕ ಆ ಶೀಟನ್ನು ಒಂದು ಕ್ಷಣ ಹಿಡಿದಿದ್ದು, ಮತ್ತೆ ಝಾಡಿಸಿ ಪೂರ್ತಿ ಬಿಚ್ಚಿದಳು.

“ಅಂಚು ಸರಿಯಾಗಿ ಕೂತಿಲ್ಲ, ಪಾರ್ಟ್ನರ್,” ಅಂದಳು. “ಹಿಡಿ ಆ ತುದಿ.”

ಅಂಚು ಸರಿಯಾಗಿಯೇ ಕೂತಿತ್ತು.